ಅಮಾವಾಸ್ಯೆಯಂದು ಉರಿಯದ ಎದೆ

ಎದೆ ಉರಿ ಎಂದು ಬಂದವರಿಗೆ ಮೆಣಸಿನಕಾಯಿ ಬಿಡಿ ಎಂದು ಹೇಳುವುದಕ್ಕೆ ಯಾರೂ ಕಾಲೇಜಿಗೆ ಹೋಗಿ ಓದಬೇಕಾಗಿಲ್ಲ. ತಮಿಳುನಾಡಿನ ಓಮಲೂರು ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುವ ಹೆಂಗಸೂ ಅದನ್ನು ಹೇಳುತ್ತಾಳೆ, ಬಿಟ್ಟಿಯಾಗಿ ಹೇಳುತ್ತಾಳೆ. ನಾನು ಮಾತ್ರ ಅದನ್ನು ಹೇಳುವುದಕ್ಕೆಂದೇ ಓದಿ ಬಂದು, ಅದೇ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಹಾರ ಸಲಹೆಗಾರ್ತಿ ಎಂಬ ಫಲಕದ ಹಿಂದೆ ಕೂತಿದ್ದೆ. ಹೊಟ್ಟೆಯ ಡಾಕ್ಟರು ರೋಗಿಯನ್ನು ನೋಡಿ, ಮಾತ್ರೆ ಬರೆದು, ಏನು ತಿನ್ನಬೇಕು ಏನು ಬಿಡಬೇಕು ಎಂಬುದನ್ನು ಪಕ್ಕದ ರೂಮಿನ ಮೇಡಂ ಹೇಳುತ್ತಾರೆ ಎಂದು ನನ್ನ ಕಡೆ ಕಳಿಸುತ್ತಿದ್ದರು.

ಆ ನೇಕಾರ ದಂಪತಿ ನನ್ನ ಮುಂದೆ ಬಂದು ಕೂತದ್ದು ಹಾಗೆ. ಸೇಲಂನ ನೇಕಾರರ ಬೀದಿಯವರು. ಗಂಡನಿಗೆ ಅರವತ್ತರ ಆಸುಪಾಸು, ಹೆಂಡತಿಗೆ ಸ್ವಲ್ಪ ಕಡಿಮೆ. ಹೋದ ದೀಪಾವಳಿಯ ನಂತರ ಗಂಡನಿಗೆ ಎದೆ ಉರಿ ಹಿಡಿದಿತ್ತು. ಇಸಿಜಿ ತೆಗೆಸಿಯಾಗಿತ್ತು, ಹೃದಯ ಚೆನ್ನಾಗಿತ್ತು. ಗಂಟಲಿಗೆ ಕ್ಯಾಮರಾ ಕೊಳವೆ ಬಿಟ್ಟು ನೋಡಿದ್ದಾಗಿತ್ತು. ಅನ್ನನಾಳದ ಕೆಳತುದಿ ಕೆಂಪಗಾಗಿದೆ, ಹುಣ್ಣಿಲ್ಲ, ಬೇರೇನೂ ಇಲ್ಲ ಎಂದು ಡಾಕ್ಟರು ಬರೆದಿದ್ದರು. ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿದೆ. ಏಕೆ ಬರುತ್ತಿದೆ ಎನ್ನುವುದು ನನ್ನ ಪಾಲಿನ ಕೆಲಸ.

ಆಸ್ಪತ್ರೆಯ ರೂಢಿಯಂತೆ ತಮಿಳಿನಲ್ಲಿ ಶುರು ಮಾಡಿದೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಏನೇನು ಹಾಕಿಕೊಂಡಿರಿ, ಒಂದೂ ಬಿಡದೆ ಹೇಳಿ ಎಂದೆ. ಹೆಂಡತಿ ನನ್ನತ್ತ ನಗುನಗುತ್ತಲೇ ಗಂಡನಿಗೆ ಕನ್ನಡದಲ್ಲಿ ಪಿಸುಗುಟ್ಟಿದರು.

"ಸಂಜೆ ಬೋಂಡಾ ತಿಂದಿದ್ದು ಏಳ್ಬ್ಯಾಡ. ಸುಮ್ಕಿರು."

"ಏಳಿ ದೊಡ್ಡಮ್ಮ," ಎಂದೆ ನಾನೂ ಕನ್ನಡದಲ್ಲಿ. "ಬೋಂಡಾದಿಂದ್ಲೇ ಸುರು ಮಾಡಾಣ."

ದೊಡ್ಡಮ್ಮ ಕುರ್ಚಿಯನ್ನು ಎಳೆದುಕೊಂಡು ನನ್ನ ಮೇಜಿಗೇ ಒತ್ತಿ ಕೂತರು. ಯಾವ ಊರು, ಪಾಪಿರೆಡ್ಡಿಪಟ್ಟಿ ಕಡೆಯಾ, ಹೊಲ ಐತಾ, ಯಾರ ಮನೆ ಹೆಣ್ಣು, ಎಷ್ಟು ಮಕ್ಕಳು. ರೋಗಿಯ ವಿವರ ಬರೆಯಬೇಕಾದ ಹಾಳೆ ಖಾಲಿ ಉಳಿಯಿತು. ನನ್ನ ವಿವರ ಪೂರ್ತಿಯಾಯಿತು. ತಮಿಳಿನಲ್ಲಿ ನಾನು ಮೇಡಂ ಆಗಿದ್ದೆ, ಕನ್ನಡ ಬಾಯಿಗೆ ಬಂದ ಕೂಡಲೇ ಮಗಳಾಗಿಬಿಟ್ಟೆ. ಮೇಡಂ ಹೇಳಿದ್ದನ್ನು ಜನ ಪಾಲಿಸುತ್ತಾರೆ. ಮಗಳು ಹೇಳಿದ್ದಕ್ಕೆ ತಲೆ ಸವರಿ, "ಜಾಣೆ" ಎಂದು ಎದ್ದು ಹೋಗುತ್ತಾರೆ.

ದೊಡ್ಡಪ್ಪ ಮಾತ್ರ ನಗಲಿಲ್ಲ. "ಎಲ್ಲಾ ನಾರ್ಮಲ್ ಅಂತಾರೆ. ಉರಿಯೋದು ನನ್ ಎದೆ ಅಲ್ವಾ ಮಗಾ? ಎದೆ ಕೆಟ್ಟೋನು ಮಗ್ಗದ ಗುಂಡೀಲಿ ಕುಂತ್ಕೋಬಾರ್ದು. ಕುಂತಿದ್ದಂಗೇ ಓಗ್ಬುಟ್ರೆ ಎತ್ತೋರ್ಗೂ ಕಷ್ಟ. ಈಗ ಮಗ್ಗದ ಮೇಲಿರೋ ಹಾಸು ಮುಗೀಲಿ, ಗುಂಡಿ ಮುಚ್ಬುಡ್ತೀನಿ. ಮಣ್ಣೂ ಒಡ್ಸಿ ಬಾಗ್ಲಲ್ಲಿ ಆಕ್ಸಿದೀನಿ."

ಅವರದು ಗುಂಡಿ ಮಗ್ಗ. ಮನೆಯ ನೆಲದಲ್ಲೇ ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಬಿಟ್ಟು ತುಳಿಯುತ್ತ ನೇಯುವಂಥದ್ದು. ಹಾಸು ಎಂದರೆ ಅದಕ್ಕೆ ಒಮ್ಮೆಗೆ ಏರಿಸುವ ಉದ್ದೆಳೆಯ ನೂಲು, ಒಂದು ಹಾಸಿನಲ್ಲಿ ಹಲವು ಸೀರೆ ಬರುತ್ತವೆ. ಒಮ್ಮೆ ಮುಚ್ಚಿ ಮೇಲೆ ಟೈಲ್ಸ್ ಹಾಕಿದರೆ ಮತ್ತೆ ಯಾರೂ ತೋಡುವುದಿಲ್ಲ. ಆ ಬೀದಿಯಲ್ಲಿ ಹಾಗೆ ಎಷ್ಟೋ ಗುಂಡಿಗಳು ಮುಚ್ಚಿಹೋಗಿವೆ.

"ಮುಚ್ಲಿ ಬುಡು," ಎಂದರು ದೊಡ್ಡಮ್ಮ. "ಮೇಲಕ್ಕೆ ಬಂದು ಈ ಮನುಸ ಎಲ್ಲಿ ಕುಂತ್ಕೋತದೆ ಕೇಳು. ನನ್ ಅಡಿಗೆಮನೇಲಿ! ಉಪ್ಪು ಆಕ್ದ್ಯಾ, ಉಣಸೆಪುಳಿ ಕರಗಿಸ್ದ್ಯಾ, ಗ್ಯಾಸ್ ಸಣ್ಣ ಮಾಡ್ದ್ಯಾ ಅಂತ. ಆಗ ನಾನು ಓಗಿ ಆ ಗುಂಡಿಯೊಳ್ಗೆ ಕುಂತ್ಕೋತೀನಿ." ನಾನು ನಕ್ಕೆ. ಗಂಡ ಬಿಲ್ಲು ಕಟ್ಟಲು ಎದ್ದು ಹೋಗುವವರೆಗೆ ಕಾದು, ಅವರು ದನಿ ತಗ್ಗಿಸಿದರು. "ಮಗ್ಗ ಓದ್ರೆ ಈ ಮನುಸ ಉಳಿಯಲ್ಲ ತಾಯಿ. ಏನಾದ್ರೂ ಮಾಡು."

ದೊಡ್ಡಪ್ಪ ವಾಪಸು ಬಂದಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೆಣಸಿನಕಾಯಿ, ಹುಣಸೆ, ಕರಿದದ್ದು, ಕಾಫಿ, ಟೀ ಎಲ್ಲಕ್ಕೂ ನಿಷೇಧ ಹಾಕಿದೆ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಬರಿ ಹೊಟ್ಟೆಯಲ್ಲಿ ನುಂಗಬೇಕು ಎಂದು ಎರಡೆರಡು ಸಲ ಹೇಳಿದೆ. ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ ಹೊತ್ತು ಬಿಡಿ, ತಲೆದಿಂಬಿನ ಕಡೆ ಮಂಚ ಎತ್ತರಿಸಿ ಎಂದೆ. ದೊಡ್ಡಪ್ಪ ಎಲ್ಲದಕ್ಕೂ "ಸರಿ ಮಗಾ" ಎಂದರು.

ಮುಂದಿನ ಸಲ ಬಂದಾಗ ಉರಿ ಇದ್ದ ಹಾಗೇ ಇತ್ತು. ಬದಲಾದದ್ದು ಸಂಸಾರ ಮಾತ್ರ. ದೊಡ್ಡಮ್ಮ ಎರಡೆರಡು ಅಡಿಗೆ ಮಾಡುವವರಲ್ಲ. ಗಂಡನ ಜೊತೆ ತಾವೂ ಸಪ್ಪೆ ತಿಂದು ತಿಂದು, ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿದ್ದರು. ಮಾತ್ರೆಯ ಕತೆ ಬೇರೆ. ದೊಡ್ಡಪ್ಪ ಅದನ್ನು ಬೆಳಿಗ್ಗೆ ನುಂಗುತ್ತಿರಲಿಲ್ಲ, ಉರಿ ಬಂದಾಗ ನುಂಗುತ್ತಿದ್ದರು. "ಉರೀನೇ ಇಲ್ದಾಗ ಮಾತ್ರೆ ಯಾಕೆ ದಂಡ ಮಾಡೋದು?" ಎನ್ನುವುದು ಅವರ ವಾದ. ಉಳಿದ ಮಾತ್ರೆಯಲ್ಲಿ ಒಂದು ಸ್ಟ್ರಿಪ್ಪನ್ನು ಎದುರುಮನೆಯವರಿಗೆ ಕೊಟ್ಟಿದ್ದರು. ಅವರಿಗಿದ್ದದ್ದು ಮಂಡಿ ನೋವು.

"ಮಂಡಿ ನೋವಿಗೆ ಹೊಟ್ಟೆ ಮಾತ್ರೆ ಯಾಕೆ ಕೊಟ್ರಿ?"

"ಒಳ್ಳೆ ಮಾತ್ರೆ ಅಂತ ಡಾಕ್ಟ್ರೇ ಏಳಿದ್ರಲ್ಲ."

ಮಾತ್ರೆಯ ಕ್ರಮ ಸರಿಮಾಡಿಸಿ ಕಳಿಸಿದೆ. ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮೂರನೆಯ ಸಲ ಬಂದಾಗಲೂ ಮಧ್ಯಾಹ್ನದ ಮೇಲೆ ಎದೆ ಉರಿದು, ಹುಳಿ ಗಂಟಲವರೆಗೆ ಬರುತ್ತಿತ್ತು. ನನಗೆ ರೇಗಿತು. ನನ್ನ ಪಥ್ಯದಲ್ಲಿ ತಪ್ಪಿಲ್ಲ, ಇವರು ಕದ್ದು ತಿನ್ನುತ್ತಿದ್ದಾರೆ ಎಂದೇ ನಂಬಿದ್ದೆ.

"ನಿಜ ಏಳಿ ದೊಡ್ಡಪ್ಪ. ಕದ್ದು ಏನ್ ತಿಂತಿದೀರ?"

"ಮಗ್ಗದಾಣೆ ಏನೂ ಇಲ್ಲ."

"ಓದ್ಸಲ ಇಲ್ಲಿಂದ ಓಗ್ತಾ ಓಮಲೂರು ಬಸ್ ಸ್ಟ್ಯಾಂಡಲ್ಲಿ ಬಜ್ಜಿ ತಿಂದಿದ್ದು?" ಎಂದರು ದೊಡ್ಡಮ್ಮ.

"ಅದು ಓಮಲೂರು. ಮನೇಲಿ ತಿಂದ್ನಾ?"

"ಮೇಲಕ್ಕೊಂದು ಸೋಡಾ ಕುಡಿದಿದ್ದು?"

"ಸೋಡಾ ತಿನ್ನೋದಾ? ಕುಡಿಯೋದು. ತೇಗು ಬರ್ಲಿ ಅಂತ ಕುಡಿದೆ."

ಸೋಡಾ ಹೊಟ್ಟೆಯನ್ನು ಉಬ್ಬಿಸುತ್ತದೆ, ತೇಗಿನ ಜೊತೆ ಹುಳಿಯನ್ನೂ ಮೇಲಕ್ಕೆ ತರುತ್ತದೆ ಎಂದು ಪಾಠ ಹೇಳತೊಡಗಿದೆ. ದೊಡ್ಡಮ್ಮನಿಗೆ ನನ್ನ ಪಾಠ ಬೇಕಿರಲಿಲ್ಲ, ಅವರ ದೂರೇ ಬೇರೆಯಿತ್ತು. "ಅದ್ ಬುಡು ತಾಯಿ. ಮೊನ್ನೆ ಅಮಾವಾಸ್ಯೆಗೆ ಎಡೆ ಇಕ್ಬೇಕಲ್ಲ, ವಡೆ ಪಾಯಸ ಮಾಡ್ದೆ. ನೀನು ಬೈತೀಯ ಅಂತ ಬ್ಯಾಡ ಬ್ಯಾಡ ಅಂದ್ರೂ ಕೇಳ್ದೆ ಬಾರಿಸ್ದ ಮನುಸ. ಮಾವಿನಕಾಯಿ ಉಪ್ಪಿನಕಾಯಿ ಬೇರೆ. ಆಮೇಲೆ ಗೊರಕೆ ಒಡ್ಕೊಂಡು ಮಲಗ್ತು. ಉರೀನೂ ಇಲ್ಲ ಗಿರೀನೂ ಇಲ್ಲ. ನಾನಿಕ್ಕೋ ಸಪ್ಪೆಗೆ ಮಾತ್ರ ಎದೆ ಉರಿಯೋದು!"

ನಾನು ಪೆನ್ನು ಕೆಳಗಿಟ್ಟೆ. "ಅಮಾವಾಸ್ಯೆ ದಿನ ಉರಿಯಲ್ವಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅದರ ಹಿಂದಿನ ಅಮಾವಾಸ್ಯೆಗೂ ಉರಿದಿರಲಿಲ್ಲ. ಪಿತೃಗಳ ಕೃಪೆ ಎಂದರು ದೊಡ್ಡಪ್ಪ. ಆ ಬೀದಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ, ಅದೇ ಅವರ ರಜೆ.

ಅವರನ್ನು ಕೂರಿಸಿ ಡಾಕ್ಟರ ರೂಮಿಗೆ ಹೋದೆ. ಅವರು ಮಾತು ಕಡಿಮೆಯ ತಮಿಳರು. ಪೂರ್ತಿ ಕೇಳಿ, "ಹಬ್ಬದ ಊಟಕ್ಕೆ ಉರಿಯದ್ದು ಸಪ್ಪೆ ಊಟಕ್ಕೆ ಉರಿಯುತ್ತದೆ ಎಂದರೆ ಊಟದ ಮಾತು ಬಿಟ್ಟುಬಿಡಿ. ಊಟ ಆದಮೇಲೆ ಏನು ಮಾಡುತ್ತಾರೆ ನೋಡಿ. ನೇಯುವವರು ಬಗ್ಗುತ್ತಾರಲ್ಲ?" ಎಂದರು. ಉಂಡ ತಕ್ಷಣ ಬಗ್ಗಿದರೆ ಹೊಟ್ಟೆಗೂ ಅನ್ನನಾಳಕ್ಕೂ ನಡುವಿನ ಬಾಗಿಲು ಸಡಿಲಾಗಿ ಹುಳಿ ಮೇಲೇರುತ್ತದೆ. ಅದು ನನಗೂ ಗೊತ್ತಿದ್ದದ್ದೇ. ಖುಷಿಯಿಂದ ವಾಪಸು ಬಂದು ದೊಡ್ಡಪ್ಪನಿಗೆ ಹೇಳಿದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಮೀಸೆ ಬರೋಕ್ ಮುಂಚಿಂದ ಉಂಡ್ಬುಟ್ಟು ಬಗ್ತಾನೇ ಇದೀನಿ ಮಗಾ. ದೀಪಾವಳಿಗಂಟ ಉರೀದಿದ್ದು ಆಮೇಲ್ ಯಾಕ್ ಉರೀತು?"

ಹೋಗುವಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು, ಹಾಸಿನಲ್ಲಿ ಇನ್ನು ಎರಡೇ ಸೀರೆ ಉಳಿದಿದೆ ಎಂದರು. ಆ ರಾತ್ರಿ ಊಟ ಮಾಡುವಾಗಲೂ ದೊಡ್ಡಪ್ಪನ ಪ್ರಶ್ನೆಯೇ ತಲೆಯಲ್ಲಿತ್ತು. ನನ್ನ ರೂಮಿನಲ್ಲಿ ಕೂತು ನೂರು ಪ್ರಶ್ನೆ ಕೇಳಿದರೂ ಅವರು ಹೇಳಬೇಕು ಅನ್ನಿಸಿದ್ದನ್ನು ಮಾತ್ರ ಹೇಳುತ್ತಾರೆ. ಉಂಡ ಮೇಲೆ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕು ಎಂದು ನಿರ್ಧರಿಸಿ, ನನ್ನ ವಾರದ ರಜೆಯ ದಿನ ಸೇಲಂ ಬಸ್ಸು ಹತ್ತಿದೆ.

ಅವರ ಮನೆ ಬಾಗಿಲಲ್ಲಿ ಕೆಂಪು ಮಣ್ಣಿನ ಗುಡ್ಡೆ ಇತ್ತು, ಅದರ ಮೇಲೊಂದು ಬೆಕ್ಕು ಮಲಗಿತ್ತು. ಒಳಗೆ ಮಗ್ಗ ಸದ್ದು ಮಾಡುತ್ತಿತ್ತು. ನಾನಿಲ್ಲದಂತೆ ಎಲ್ಲವನ್ನೂ ದಿನದ ಹಾಗೇ ಮಾಡಿ ಎಂದು ಕೇಳಿಕೊಂಡೆ. ದಿನದ ಹಾಗೆ ಎಂದರೂ ದೊಡ್ಡಮ್ಮ ನನಗೆಂದು ಖಾರದ ಹುಳಿಸಾರನ್ನೇ ಮಾಡಿದ್ದರು, ನೆಪ ಸಿಕ್ಕಿತೆಂದು ತಾವೂ ಅದನ್ನೇ ಬಡಿಸಿಕೊಂಡರು. ದೊಡ್ಡಪ್ಪ ಸಪ್ಪೆ ಅನ್ನವನ್ನು ಗಬಗಬನೆ ನುಂಗಿ, ಕೈ ತೊಳೆದು, ನೇರವಾಗಿ ಮಗ್ಗಕ್ಕೆ ಇಳಿದರು. ಇಳಿದವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಬೆಕ್ಕನ್ನು ನೋಡುವವಳಂತೆ ಆಚೆ ತಿರುಗಿದೆ. ಅವರು ಗುಂಡಿಯ ಪಕ್ಕದ ಗೂಡಿಗೆ ಕೈ ಹಾಕಿ, ಕಪ್ಪಗಿನ ಅಗಲವಾದ ಒಂದು ಬೆಲ್ಟು ತೆಗೆದು, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡು ಸುತ್ತಿ ಬಿಗಿದರು. ಒಂದಿದ್ದ ಹೊಟ್ಟೆ ಎರಡಾಯಿತು, ಬೆಲ್ಟಿನ ಮೇಲೊಂದು ಕೆಳಗೊಂದು. ಆಮೇಲೆ ನೇಯ್ದ ಬಟ್ಟೆ ಸುತ್ತುವ ಅಡ್ಡಮರಕ್ಕೆ ಅದೇ ಹೊಟ್ಟೆಯನ್ನು ಆನಿಸಿ, ಮುಂದಕ್ಕೆ ಬಗ್ಗಿ ಲಾಳಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಮುಖ ಹುಳಿಯಾಯಿತು, ಎಡಗೈ ಎದೆಯ ಮೇಲೆ ಹೋಯಿತು.

"ದೊಡ್ಡಪ್ಪ!" ಎಂದು ಕಿರುಚಿಯೇಬಿಟ್ಟೆ. "ಅದೇನದು ಸೊಂಟಕ್ಕೆ?"

ಅವರು ಕೆಳಗಿನ ದಾರವನ್ನು ನೋಡುತ್ತ ಕೂತರು. ದೊಡ್ಡಮ್ಮನೇ ನನ್ನ ಕಿವಿಗೆ ಬಾಯಿಟ್ಟು ಹೇಳಿದರು: "ಅಳಿಯ ಕೊಟ್ಟಿದ್ದು."

ಅಳಿಯ ಹರೂರಿನವನು, ಹರೂರು–ಸೇಲಂ ಬಸ್ಸಿನ ಡ್ರೈವರು. ಮಾವನಿಗೆ ಬೆನ್ನು ನೋವು ಎಂದು ಹೆಂಡತಿಯಿಂದ ತಿಳಿದು, ಡ್ರೈವರುಗಳು ಹಾಕಿಕೊಳ್ಳುವ ಈ ಸೊಂಟದ ಬೆಲ್ಟನ್ನು ದೀಪಾವಳಿಗೆ ತಂದುಕೊಟ್ಟಿದ್ದ. ಹೆಣ್ಣು ಕೊಟ್ಟ ಮನೆಯಿಂದ ಒಂದೆಳೆ ನೂಲೂ ತಗೊಳ್ಳಬಾರದು ಎಂದು ನಂಬಿದ ಮನುಷ್ಯ ದೊಡ್ಡಪ್ಪ. ತಗೊಂಡದ್ದು ಹೊರಗೆ ಗೊತ್ತಾಗಬಾರದೆಂದು ಬೆಲ್ಟನ್ನು ಮಗ್ಗದ ಗೂಡಿನಲ್ಲಿ ಬಚ್ಚಿಟ್ಟಿದ್ದರು. ಆಸ್ಪತ್ರೆಗೆ ಬರುವಾಗ ಬಿಚ್ಚಿಟ್ಟೇ ಬರುತ್ತಿದ್ದರು. ಡಾಕ್ಟರು ಅವರ ಹೊಟ್ಟೆಯನ್ನು ಎಷ್ಟು ಒತ್ತಿ ನೋಡಿದರೇನು? ನಾನಂತೂ ಏನು ತಿಂದಿರಿ ಎಂದು ಕೇಳಿದ್ದೆನೇ ಹೊರತು ಏನು ಉಟ್ಟಿರಿ ಎಂದು ಕೇಳಿರಲಿಲ್ಲ.

ತುಂಬಿದ ಚೀಲದ ನಡುವನ್ನು ಹಗ್ಗದಿಂದ ಬಿಗಿದರೆ ಒಳಗಿನದು ಬಾಯಿಯ ಕಡೆಗೇ ಬರುತ್ತದೆ ಎಂದು ವಿವರಿಸಿದೆ. ಬಗ್ಗುವುದನ್ನು ಅಷ್ಟು ವರ್ಷ ಹೊಟ್ಟೆ ಹೇಗೋ ತಾಳಿಕೊಂಡಿತ್ತು. ಬೆಲ್ಟು ಬಂದಮೇಲೆ ತಾಳಲಾರದೆ ಹೋಯಿತು. ಉಣ್ಣುವಾಗಲೂ ಉಂಡಮೇಲೂ ಇದು ಬೇಡ ಎಂದೆ. ಅವರಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು.

"ಅಳಿಯಂದ್ರು ಬಂದ್ರೆ ಮೊದ್ಲು ನೋಡೋದೇ ನನ್ ಸೊಂಟ ಮಗಾ. ಬಿಚ್ಚಿಟ್ರೆ ಏನಂದ್ಕೋತಾರೆ? ಅಳಿಯನ್ಗೆ ಕೊಟ್ಟ ಮಾವಂದಿರು ಊರೆಲ್ಲಾ ಅವ್ರೆ. ಮಾವನ್ಗೆ ಬೆನ್ ನೋವು ಅಂತ ತಂದ್ಕೊಟ್ಟ ಅಳಿಯ ಈ ಬೀದೀಲಿ ಯಾರ್ಗವ್ನೆ, ಏಳು." ಅವರ ಕಣ್ಣು ಒದ್ದೆಯಾಯಿತು.

ಬಿಚ್ಚುತ್ತೇನೆ ಎಂದು ಮಾತು ಕೊಟ್ಟರು, ಬಿಚ್ಚಲಿಲ್ಲ. ದೊಡ್ಡಮ್ಮ ಫೋನ್ ಮಾಡಿ, ಒಂದು ಸೀರೆ ಕತ್ತರಿಸಿಯಾಯಿತು, ಕೊನೆಯದು ಶುರುವಾಗಿದೆ ಎಂದರು. ನಮ್ಮಲ್ಲಿ ಅಳಿಯನನ್ನು ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಅವನು ಬಂದರೆ ಫ್ಯಾನಿನ ಕೆಳಗೆ ಕೂರಿಸುವುದು, ಬಡಿಸುವುದು, ಅಷ್ಟೇ. ನಾನು ಅವರ ಮನೆಯ ನಿಜವಾದ ಮಗಳಾಗಿದ್ದರೆ ನನಗೂ ಆ ಧೈರ್ಯ ಬರುತ್ತಿರಲಿಲ್ಲ. ಮೇಡಂ ಎನ್ನುವ ಪದವಿಯನ್ನು ಮತ್ತೆ ಹಾಕಿಕೊಂಡು, ಬೆಲ್ಟಿನ ವಿಷಯವನ್ನು ಅಳಿಯನಿಗೇ ಹೇಳಿಬಿಡೋಣವೆಂದು, ಭಾನುವಾರ ಅವನು ಊಟಕ್ಕೆ ಬರುವ ಹೊತ್ತಿಗೆ ನಾನೂ ಹೋಗಿ ಎಲೆಯ ಮುಂದೆ ಕೂತೆ.

ಅಳಿಯ ಎತ್ತರದ, ನಾಚಿಕೆಯ ಮನುಷ್ಯ. ಮಾವನೂ ಅಳಿಯನೂ ಎದುರುಬದುರು ಕೂತಿದ್ದರು, ಇಬ್ಬರ ಬೆನ್ನೂ ಗೋಡೆಯ ಹಾಗೆ ನೆಟ್ಟಗೆ. ಮಾವ ಅಂಗಿಯ ಮೇಲೆಯೇ ಬೆಲ್ಟು ಬಿಗಿದಿದ್ದರು, ಅಳಿಯನಿಗೆ ಕಾಣಲೆಂದು. ಕೋಳಿ ಸಾರು ಬಂತು. ಅಳಿಯ ಎಲೆಯ ಕಡೆ ಬಗ್ಗಲಾರದೆ ತುತ್ತನ್ನು ಬಾಯಿಯವರೆಗೆ ಎತ್ತಿ ಎತ್ತಿ ಉಂಡ. ಎರಡನೆಯ ಸಲ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದ. ತುಟಿ ಬಿಗಿದು ಸದ್ದಿಲ್ಲದೆ ತೇಗಿ, ಎದೆಯನ್ನು ಮೆಲ್ಲಗೆ ಉಜ್ಜಿಕೊಂಡ.

"ನಿಮಗೂ ಎದೆ ಉರಿಯುತ್ತಾ?" ಎಂದು ಕೇಳಿಯೇಬಿಟ್ಟೆ.

ಅವನು ಮಾವನ ಕಡೆ ನೋಡಿ, ಎಲೆಯ ಕಡೆ ನೋಡಿ, "ಇಲ್ಲಿಗೆ ಬಂದಾಗ ಮಾತ್ರ ಮೇಡಂ" ಎಂದ.

ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮಗಳ ಮದುವೆಯಾದಾಗಿನಿಂದ ಅವನಿಗೆ ಬಡಿಸಿದ ಅಷ್ಟೂ ಊಟ ಅವರ ಕಣ್ಣ ಮುಂದೆ ಬಂದಿರಬೇಕು. "ನನ್ ಕೈ ಅಡಿಗೆಗಾ? ನನ್ ಅಡಿಗೆ ತಿಂದು ಎದೆ ಉರೀತದಾ?"

"ಅಯ್ಯೋ ಇಲ್ಲ ಅತ್ತೆ! ಅಡಿಗೆ ಅಲ್ಲ!" ಅವನು ಗಾಬರಿಯಲ್ಲಿ ಅಂಗಿಯನ್ನೇ ಎತ್ತಿಬಿಟ್ಟ. ಒಳಗೆ ಅಂಥದೇ ಕಪ್ಪು ಬೆಲ್ಟು. "ಇದು ಅತ್ತೆ, ಇದು! ಇದನ್ನ ಆಕ್ಕೊಂಡು ಉಂಡ್ರೆ ನನಗೆ ಆಗಲ್ಲ. ಬಸ್ಸಲ್ಲಿ ಆಕ್ಕೊಳ್ಳೋದು ಯಾವತ್ತೋ ಬುಟ್ಬುಟ್ಟೆ. ಮಾವ ದಿನಾ ಆಕ್ಕೋತಾರೆ ಅಂತ ನಿಮ್ ಮಗ್ಳು ಏಳಿದ್ಲು. ಕೊಟ್ಟೋನೇ ಆಕ್ಕೊಳ್ಳಿಲ್ಲ ಅಂದ್ರೆ ಮಾವ ಏನಂದ್ಕೋತಾರೆ? ಅದಕ್ಕೇ ಈ ಬೀದಿ ತಿರುಗೋಕ್ ಮುಂಚೆ ಟೀ ಅಂಗ್ಡಿ ಇಂದ್ಗಡೆ ಓಗಿ ಆಕ್ಕೊಂಡ್ ಬರ್ತೀನಿ."

ದೊಡ್ಡಪ್ಪ ಅಳಿಯನ ಬೆಲ್ಟನ್ನು ನೋಡಿದರು, ತಮ್ಮದನ್ನು ನೋಡಿಕೊಂಡರು.

"ಮಾಪ್ಳೆ, ನೀವು ಬಿಚ್ಚಿ."

"ನೀವು ದೊಡ್ಡೋರು ಮಾವ. ಮೊದ್ಲು ನೀವು."

"ಮನೆಗ್ ಬಂದೋರು ನೀವು. ನೀವು ಮೊದ್ಲು."

"ಇಬ್ರೂ ಒಟ್ಗೆ ಬಿಚ್ರಪ್ಪ," ಎಂದರು ದೊಡ್ಡಮ್ಮ. "ಸಾರು ಆರೋಗ್ತೈತೆ."

ಪರ್‍ರೆಂದು ಎರಡೂ ಒಟ್ಟಿಗೆ ಬಿಟ್ಟುಕೊಂಡವು. ಎರಡು ಹೊಟ್ಟೆಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ಅಳಿಯ ಮೊದಲ ಬಾರಿಗೆ ಎಲೆಯ ಕಡೆ ಬಗ್ಗಿ, "ಅತ್ತೆ, ಇನ್ನೊಸಿ ಸಾರು" ಎಂದ. ನಾನು ನಗು ತಡೆಯಲಾರದೆ ನೀರು ಕುಡಿಯಲು ಹೋಗಿ ಕೆಮ್ಮಿದೆ.

ಬೆಲ್ಟು ಬಿಚ್ಚಿದ್ದಕ್ಕೇ ಎಲ್ಲ ಮುಗಿಯಲಿಲ್ಲ. ಬೆನ್ನು ನೋವು ಇದ್ದೇ ಇತ್ತು. ಅದಕ್ಕೆ ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿಯವರು ಕೂರುವ ಹಲಗೆಯನ್ನು ಎತ್ತರಿಸಲು ಹೇಳಿ, ನಾಲ್ಕಾರು ವ್ಯಾಯಾಮ ಕಲಿಸಿದರು. ಕೆಂಪಾದ ಅನ್ನನಾಳ ಮಾಯಲು ಹೊತ್ತು ಬೇಕು, ಮಾತ್ರೆಯನ್ನು ತಾವು ಹೇಳುವವರೆಗೆ ನಿಲ್ಲಿಸಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾನು ಮೆಣಸಿನಕಾಯಿಯನ್ನೂ ಹುಣಸೆಯನ್ನೂ ಅಡಿಗೆಮನೆಗೆ ವಾಪಸು ಬಿಟ್ಟೆ. ಅವು ಕೆಲವರಿಗೆ ಆಗುವುದಿಲ್ಲ, ಇವರಿಗೆ ಆಗುತ್ತವೆ. ಸೋಡಾವನ್ನು ಮಾತ್ರ ಒಳಗೆ ಬಿಡಲಿಲ್ಲ.

ಉಳಿದದ್ದು ಒಂದೇ ತಕರಾರು. ಉಂಡಮೇಲೆ ಎರಡು ಗಂಟೆ ಬಗ್ಗಬಾರದು, ನೆಟ್ಟಗೆ ಕೂತು ಮಾಡುವ ಕೆಲಸ ಮಾಡಬೇಕು ಎಂದೆ. ನೇಕಾರರ ಮನೆಯಲ್ಲಿ ಅಂಥ ಕೆಲಸ ಒಂದೇ, ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುವುದು. ಅದು ಹೆಂಗಸರ ಕೆಲಸ. ದೊಡ್ಡಮ್ಮ ಮದುವೆಯಾದಾಗಿನಿಂದ ಮಧ್ಯಾಹ್ನ ಊಟದ ಪಾತ್ರೆ ತೊಳೆದು ಕೂರುತ್ತಿದ್ದದ್ದು ಆ ರಾಟೆಯ ಮುಂದೆಯೇ.

"ಗಂಡ್ಸು ರಾಟೆ ತಿರುಗಿಸೋದಾ? ಬೀದೀಲಿ ನಗ್ತಾರೆ," ಎಂದರು ದೊಡ್ಡಪ್ಪ.

"ಬಾಗ್ಲು ಆಕ್ಕೊಂಡು ತಿರುಗ್ಸಿ," ಎಂದೆ. "ಬೆಲ್ಟು ಬಚ್ಚಿಟ್ಟೋರ್ಗೆ ಇದು ಕಷ್ಟಾನಾ?"

ಕೊನೆಯ ಸೀರೆ ಮಗ್ಗದಿಂದ ಇಳಿಯಬೇಕಾದ ಹೊತ್ತಿಗೆ ನಾನು ಫೋನ್ ಕೈಯಲ್ಲಿ ಹಿಡಿದೇ ಕಾದೆ. ಸುದ್ದಿ ಬರಲಿಲ್ಲ. ಕೇಳುವುದಕ್ಕೂ ಭಯವಾಗಿ, ಮುಂದಿನ ರಜೆಗೆ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಹೋದೆ. ಬಾಗಿಲಲ್ಲಿ ಮಣ್ಣಿರಲಿಲ್ಲ. ಗುಂಡಿ ಮುಚ್ಚಿಯೇಬಿಟ್ಟರು ಎಂದುಕೊಂಡೆ. ಎದುರುಮನೆಯ ಮಂಡಿ ನೋವಿನವರು ಜಗಲಿಯಿಂದಲೇ, ಆ ಮಣ್ಣನ್ನು ತಾವೇ ಗಿಡಗಳಿಗೆ ತಂದು ಹಾಕಿಕೊಂಡದ್ದಾಗಿ ತಮಿಳಿನಲ್ಲಿ ಕೂಗಿ ಹೇಳಿದರು.

ಕದ ತಳ್ಳಿದೆ. ಮಗ್ಗದ ಮೇಲೆ ಹೊಸ ಹಾಸು ಏರಿತ್ತು, ಕಡುನೀಲಿ. ದೊಡ್ಡಪ್ಪ ರಾಟೆಯ ಮುಂದೆ ನೆಟ್ಟಗೆ ಕೂತಿದ್ದರು, ಆದರೆ ರಾಟೆ ತಿರುಗುತ್ತಿರಲಿಲ್ಲ. ಪಕ್ಕದ ಬುಟ್ಟಿಯಲ್ಲಿ ಖಾಲಿ ಕಂಡಿಕೆಗಳು ರಾಶಿಯಾಗಿದ್ದವು. ಎದೆ ಉರಿ ಹೇಗಿದೆ, ಕೆಲಸ ಯಾಕೆ ನಿಲ್ಲಿಸಿದಿರಿ ಎಂದು ಕೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಗೋಡೆಯ ಬದಿಗೆ ಕಣ್ಣಿನಲ್ಲೇ ತೋರಿಸಿದರು. ದೊಡ್ಡಮ್ಮ ಚಾಪೆಯ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಮಲಗಿದ್ದರು.

"ಮೆಲ್ಲಗ್ ಮಾತಾಡು ಮಗಾ," ಎಂದು ಪಿಸುಗುಟ್ಟಿದರು. "ಈ ಓತ್ನಲ್ಲಿ ಇವ್ಳು ಮಲಗಿದ್ದು ನಾನು ನೋಡೇ ಇರ್ಲಿಲ್ಲ. ರಾಟೆ ಕಿರ್ ಅಂತದೆ. ಎಚ್ರ ಆಗ್ಬುಡ್ತದೆ ಅಂತ ಸುಮ್ನೆ ಕುಂತಿದೀನಿ."